ಪತ್ತೇದಾರನಿಗೆ ಹಾರ, ಸಹಾಯಕನಿಗೆ ಏಟು

ಮನೆಯಲ್ಲಿ ಒಂದು ಕನ್ನಡಕ ಕಳೆದುಹೋದರೂ ಸಾಕು, ಇವತ್ತಿಗೂ ಯಾರಾದರೊಬ್ಬರು ನನ್ನ ಕಡೆ ತಿರುಗಿ, “ನೀವು ಹುಡುಗರಾಗಿದ್ದಾಗ ಪತ್ತೇದಾರಿಕೆ ಮಾಡ್ತಿದ್ರಂತಲ್ಲ, ಹುಡುಕಿಕೊಡಿ” ಎನ್ನುತ್ತಾರೆ. ಅಂದು ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಪತ್ತೇದಾರನಾಗಿರಲಿಲ್ಲ, ಪತ್ತೇದಾರನ ಸಹಾಯಕನಾಗಿದ್ದೆ. ಎರಡಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ಏಟು ತಿಂದವನಿಗೆ ಮಾತ್ರ ಗೊತ್ತು.

ಆಗ ನಾವು ಮಧುಗಿರಿಯಲ್ಲಿ ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದೆವು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಪತ್ತೇದಾರಿ ಕಾದಂಬರಿಗಳು ಬಾಡಿಗೆಗೆ ಸಿಗುತ್ತಿದ್ದ ಕಾಲ. ಅವುಗಳಲ್ಲಿ ಯಾವಾಗಲೂ ಇಬ್ಬರು ಇರುತ್ತಿದ್ದರು. ಒಬ್ಬ ಮಹಾ ಬುದ್ಧಿವಂತ, ಎದುರಿಗೆ ಬಂದವನ ಚಪ್ಪಲಿ ನೋಡಿಯೇ ಅವನ ಪೂರ್ವಾಪರ ಹೇಳುವವನು. ಇನ್ನೊಬ್ಬ ಅವನ ಹಿಂದೆ ಹಿಂದೆ ಓಡಾಡುತ್ತ “ಅದು ಹೇಗೆ ಗೊತ್ತಾಯಿತು?” ಎಂದು ಕೇಳುವವನು. ನನ್ನ ಗೆಳೆಯ ಕಡಲೆಕಾಯಿ ಮಂಡಿ ಸಾಹುಕಾರರ ಮಗ. ಮೊದಲನೆಯ ಕೆಲಸವನ್ನು ತಾನು ಇಟ್ಟುಕೊಂಡ, ಎರಡನೆಯದನ್ನು ನನಗೆ ಕೊಟ್ಟ. ನನ್ನನ್ನು ಒಂದು ಮಾತು ಕೇಳಲಿಲ್ಲ. ಅವನ ಹತ್ತಿರ ತಾತನ ಭೂತಗನ್ನಡಿ ಇತ್ತು, ಅಪ್ಪನ ಹಳೆಯ ಕೋಟು ಇತ್ತು. ನಾನು ಮೇಷ್ಟರ ಮಗ, ನನ್ನ ಹತ್ತಿರ ಏನೂ ಇರಲಿಲ್ಲ.

ಊರಿನ ಅರ್ಧ ಜನ ಸಾಹುಕಾರರ ಮಂಡಿಯನ್ನೇ ನಂಬಿ ಬದುಕುತ್ತಿದ್ದರು. ಹಾಗಾಗಿ ಅವರ ಮಗನ ಮೈಮೇಲೆ ಕೈ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಎತ್ತಿದ ಕೈ ಎಲ್ಲಾದರೂ ಇಳಿಯಲೇಬೇಕಲ್ಲ. ಪಕ್ಕದಲ್ಲಿ ನಾನಿರುತ್ತಿದ್ದೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ಆ ವರ್ಷ ನಮ್ಮ ಮನೆಯಲ್ಲಿ ಅಕ್ಕನಿಗೆ ಗಂಡು ಹುಡುಕುತ್ತಿದ್ದರು. ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ಕಾರಣಕ್ಕೆ ತಪ್ಪಿಹೋಗಿ, ಅಪ್ಪ ಸ್ಕೂಲಿನಿಂದ ಬಂದವರು ಜಗುಲಿಯ ಮೇಲೆ ಮಾತಿಲ್ಲದೆ ಕೂರುವುದಕ್ಕೆ ಶುರುಮಾಡಿದ್ದರು. “ಇನ್ನೊಂದು ತಪ್ಪಿಹೋದ್ರೆ ಹುಡುಗೀಲೇ ಏನೋ ಐಬಿದೆ ಅಂತಾರೆ ಜನ” ಎಂದು ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಂಥ ಮನೆಯೊಳಕ್ಕೆ ನನ್ನ ಗೆಳೆಯ ಭೂತಗನ್ನಡಿ ಹಿಡಿದುಕೊಂಡು ಬಂದ.

೧. ಉಪ್ಪಿನಕಾಯಿ ಭರಣಿ

ನಮ್ಮ ಅಜ್ಜಿ ಬಲು ಮಡಿ. ಮಾವಿನಕಾಯಿ ಉಪ್ಪಿನಕಾಯಿಯ ಭರಣಿಯನ್ನು ಅವಳಲ್ಲದೆ ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಮಡಿಯಿಲ್ಲದವರು ಮುಟ್ಟಿದರೆ ಉಪ್ಪಿನಕಾಯಿಗೆ ಬೂಷ್ಟು ಬರುತ್ತದೆ ಎಂದು ಅವಳ ನಂಬಿಕೆ. ಹಾಗಿದ್ದೂ ಭರಣಿಯಲ್ಲಿ ಉಪ್ಪಿನಕಾಯಿ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಊಟಕ್ಕೆ ಕೂತಾಗ ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡುತ್ತಿದ್ದಳು.

ಇದನ್ನು ನಾನು ಬಾಯಿ ತಪ್ಪಿ ಪತ್ತೇದಾರನಿಗೆ ಹೇಳಿದೆ. ಅಜ್ಜಿ ಬಾವಿಯ ಹತ್ತಿರ ಸ್ನಾನಕ್ಕೆ ಹೋದ ಸಮಯ ನೋಡಿಕೊಂಡು ಅವನು ಸೀದಾ ಅಡಿಗೆಮನೆಗೆ ನುಗ್ಗಿ, ಅಕ್ಕನ ಪೌಡರ್ ಡಬ್ಬಿಯನ್ನು ಪೂರ್ತಿಯಾಗಿ ಭರಣಿಯ ಮೇಲೆ ಸುರಿದು, ಉಫ್ ಉಫ್ ಎಂದು ಊದಿ, ಭೂತಗನ್ನಡಿ ಹಿಡಿದು ಬಗ್ಗಿದ. ಹೆಣ್ಣು ನೋಡುವವರು ಬಂದಾಗ ಹಚ್ಚಿಕೊಳ್ಳಲಿ ಎಂದು ಅಪ್ಪ ತುಮಕೂರಿನಿಂದ ತಂದಿದ್ದ ಪೌಡರು ಅದು.

“ಇದರ ಮೇಲಿರೋದೆಲ್ಲ ಒಬ್ಬರದೇ ಬೆರಳು. ಕಳ್ಳರು ಸಿಕ್ಕಿಬಿದ್ದರು” ಎಂದ.

“ಅದು ಹೇಗೆ ಗೊತ್ತಾಯಿತು?” ಎಂದೆ. ನನ್ನ ಕೆಲಸ ಅದು.

“ಬೇರೆ ಯಾರ ಬೆರಳೂ ಇಲ್ಲವಲ್ಲೋ. ಅಂದಮೇಲೆ ಕದ್ದಿರೋದು ನಿಮ್ಮ ಅಜ್ಜಿ.”

ಅಜ್ಜಿ ಒದ್ದೆ ಸೀರೆಯಲ್ಲಿ ಬಾಗಿಲಲ್ಲೇ ನಿಂತಿದ್ದಳು. ಭರಣಿಯ ಮೇಲೆ ಪೌಡರು, ಒಲೆಯ ಮೇಲೆ ಪೌಡರು, ನೈವೇದ್ಯದ ಪಾತ್ರೆಯ ಮೇಲೂ ಪೌಡರು. ಅವಳು ಮೊದಲು ಅವನನ್ನು ನೋಡಿ, “ಸಾಹುಕಾರರ ಮಗನೇನಪ್ಪ? ಹೋಗು, ಜಗುಲಿ ಮೇಲೆ ಕೂತ್ಕೋ, ಚಕ್ಕುಲಿ ಕೊಡ್ತಾರೆ” ಎಂದಳು. ಆಮೇಲೆ ನನ್ನ ಕಡೆ ತಿರುಗಿ ಒಂದು ಸೌದೆ ಎತ್ತಿಕೊಂಡಳು. ಎತ್ತಿಕೊಂಡ ಮೇಲೆ, ತಾನು ಮಡಿಯಲ್ಲಿದ್ದೇನೆ, ನನ್ನನ್ನು ಮುಟ್ಟಿದರೆ ಇನ್ನೊಂದು ಸ್ನಾನ ಮಾಡಬೇಕಾಗುತ್ತದೆ ಅನ್ನುವುದು ನೆನಪಾಯಿತು.

“ನಾನು ಮುಟ್ಟೋ ಹಾಗಿಲ್ಲ. ನೀನೇ ಹೊಡ್ಕೋ” ಎಂದಳು.

ಎರಡೂ ಕೆನ್ನೆಗೆ ಹೊಡೆದುಕೊಂಡೆ. ಜಗುಲಿಯಿಂದ ಚಕ್ಕುಲಿ ಮುರಿಯುವ ಸದ್ದು ಬರುತ್ತಿತ್ತು.

“ಜೋರಾಗಿ ಹೊಡ್ಕೋ, ನನಗೆ ಕಿವಿ ಮಂದ” ಎಂದಳು ಅಜ್ಜಿ.

೨. ಬಸ್ಸಿನಲ್ಲಿ ತೀರಿಕೊಂಡವರು

ಮಂಡಿಯ ಕೆಲಸಕ್ಕೆಂದು ಸಾಹುಕಾರರು ಒಮ್ಮೆ ಮಗನನ್ನು ಕೊರಟಗೆರೆಗೆ ಕಳಿಸಿದರು. ಜೊತೆಗೆ ನಾನು. ಬರುವಾಗ ಪಾವಗಡಕ್ಕೆ ಹೋಗುವ ಬಸ್ಸು ಹತ್ತಿದೆವು. ಎದುರು ಸೀಟಿನಲ್ಲಿ ಒಬ್ಬ ಯುವಕ ಕೂತಿದ್ದ. ತಲೆ ನುಣ್ಣಗೆ ಬೋಳಿಸಿತ್ತು, ಮೀಸೆಯೂ ಇರಲಿಲ್ಲ. ಅವನ ಪಕ್ಕ ಕಿಟಕಿಗೆ ಒರಗಿ ಯಾರೋ ಹಿರಿಯರು ಮುಖದ ಮೇಲೆ ಟವೆಲ್ ಹಾಕಿಕೊಂಡು ನಿದ್ದೆ ಹೋಗಿದ್ದರು.

ಅಪ್ಪ ಬದುಕಿರುವವನು ತಲೆ ಮೀಸೆ ಎರಡನ್ನೂ ಒಟ್ಟಿಗೆ ತೆಗೆಸುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದವರೂ ಹಾಗೇ ಕಾಣುತ್ತಾರೆ ಎಂಬುದೂ ಎಲ್ಲರಿಗೂ ಗೊತ್ತು, ಪತ್ತೇದಾರರನ್ನು ಬಿಟ್ಟು. ಆ ಯುವಕನ ತೊಡೆಯ ಮೇಲಿದ್ದ ಬುಟ್ಟಿಯಿಂದ ತುಪ್ಪ, ಪಚ್ಚಕರ್ಪೂರದ ವಾಸನೆ ಘಮ್ಮೆಂದು ಬರುತ್ತಿತ್ತು. “ಲೋ, ತಿರುಪತಿ ಲಾಡು ಕಣೋ” ಎಂದು ಪಿಸುಗುಟ್ಟಿದೆ. “ಸಹಾಯಕ ಹೇಳಬಾರದು, ಬರೀ ಕೇಳಬೇಕು” ಎಂದು ಅವನು ನನ್ನ ಬಾಯಿ ಮುಚ್ಚಿಸಿದ. ಆಮೇಲೆ ಕೋಟು ಸರಿಮಾಡಿಕೊಂಡು ಮುಂದಕ್ಕೆ ಬಾಗಿ, ಮೆತ್ತಗೆ, “ನಿಮ್ಮ ತಂದೆಯವರು ತೀರಿಕೊಂಡದ್ದು ಬಹಳ ವ್ಯಸನದ ಸಂಗತಿ” ಎಂದ.

ಯುವಕ ಕಣ್ಣು ಕಣ್ಣು ಬಿಟ್ಟ. ಇನ್ನು ನನ್ನ ಸರದಿ. ಬಸ್ಸಿನ ಗಲಾಟೆಯಲ್ಲಿ ಕೇಳಿಸಲಿ ಎಂದು ಗಟ್ಟಿಯಾಗಿ, “ಅದು ಹೇಗೆ ಗೊತ್ತಾಯಿತು, ಇವರ ಅಪ್ಪ ಸತ್ತಿದ್ದು?” ಎಂದು ಕೂಗಿದೆ. ಸರಿಯಾಗಿ ಅದೇ ಹೊತ್ತಿಗೆ ಡ್ರೈವರು ಕೆರೆ ಏರಿಯ ಮೇಲೆ ಬಸ್ಸು ನಿಲ್ಲಿಸಿ ಇಂಜಿನ್ ಆಫ್ ಮಾಡಿದ್ದ.

ಹಿರಿಯರ ಮುಖದ ಮೇಲಿನ ಟವೆಲ್ ಜಾರಿತು. ಅವರ ತಲೆಯೂ ನುಣ್ಣಗಿತ್ತು.

“ಎವರ್ರಾ ನೇನು ಚಚ್ಚಿಪೋಯಾನನಿ ಚೆಪ್ಪಿಂದಿ?” ನಾನು ಸತ್ತೆ ಅಂದವನು ಯಾರೋ ಎಂದು ಅವರು ತೆಲುಗಿನಲ್ಲಿ ಗುಡುಗಿದರು. ಆಮೇಲೆ ಬಸ್ಸಿನವರಿಗೆಲ್ಲ ತಿಳಿಯಲೆಂದು ಕನ್ನಡಕ್ಕೆ ಬಂದರು. “ತಿರುಪತಿಗೆ ಹೋಗಿ ಆಯುಸ್ಸು ಬೇಡ್ಕೊಂಡು ಬರ್ತಾ ಇದೀನಿ. ಮನೆ ಮುಟ್ಟೋ ಮುಂಚೆ ಬಸ್ಸಲ್ಲೇ ಮುಗಿಸ್ತೀಯೇನೋ?” ಅವರ ಬೆರಳು ನನ್ನ ಕಡೆಗಿತ್ತು. ನಿದ್ದೆಯಲ್ಲಿ ಅವರ ಕಿವಿಗೆ ಬಿದ್ದಿದ್ದು ನನ್ನ ದನಿ ಒಂದೇ.

ಕಂಡಕ್ಟರು ಓಡಿ ಬಂದ. ಅವನ ಕಣ್ಣು ಮೊದಲು ಕೋಟಿನ ಮೇಲೆ ಬಿತ್ತು. “ಇವ್ರು ಮಂಡಿ ಸಾವ್ಕಾರ್ರ ಮಗ ಕಣ್ ಸ್ವಾಮಿ, ಇವ್ರನ್ನ ಏನೂ ಅನ್ಬ್ಯಾಡಿ” ಎಂದು ನನ್ನ ಕಡೆ ತಿರುಗಿ, “ಲೇ, ನೀನು ಇಳೀಲಾ ಕೆಳೀಕೆ” ಎಂದ.

ಇಳಿದೆ. ಬಸ್ಸು ಹೊರಟಿತು. ಪತ್ತೇದಾರ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಬಸ್ಸು ನಿಲ್ಲಿಸುತ್ತಾನೆ ಅಂದುಕೊಂಡೆ.

“ನಡ್ಕೊಂಡು ಬಾ. ದಾರೀಲಿ ಏನಾದ್ರೂ ಸುಳಿವು ಸಿಕ್ಕಿದ್ರೆ ನೋಡು” ಎಂದ.

೩. ಶಿರಾದ ಮದುಮಗನ ಜೋಡು

ಶಿರಾದಲ್ಲಿ ಎಣ್ಣೆ ಗಾಣದ ಸಾಹೇಬರೊಬ್ಬರು ಸಾಹುಕಾರರಿಗೆ ಬಹಳ ಬೇಕಾದವರು. ಬಸ್ಸಿನ ಪ್ರಸಂಗವಾದ ನಾಲ್ಕೈದು ತಿಂಗಳಿಗೆ ಅವರ ಮಗಳ ಮದುವೆಗೆ ಮಂಡಿಯ ಲಾರಿಯಲ್ಲಿ ನಾವಿಬ್ಬರೂ ಹೋದೆವು. ನಮ್ಮಂಥವರಿಗೆಂದೇ ಬೇರೆ ಪೆಂಡಾಲು, ಬೇರೆ ಅಡಿಗೆಭಟ್ಟರು, ಹೋಳಿಗೆ ಊಟ. ಅಷ್ಟು ಮರ್ಯಾದೆಯ ಜನ. ಅಂದು ನನ್ನ ಕಾಲಲ್ಲಿ ಹೊಸ ಚಪ್ಪಲಿ ಇತ್ತು. ಅಕ್ಕನನ್ನು ನೋಡಲು ಬಂದವರ ಮುಂದೆ ಬರಿಗಾಲಲ್ಲಿ ಅಡ್ಡಾಡಬೇಡ ಎಂದು ಅಪ್ಪ ಕೊಡಿಸಿದ್ದು.

ನಿಕಾಹ್ ಮುಗಿದು ಮದುಮಗ ಎದ್ದು ನೋಡಿದರೆ ಅವನ ಕಾಲಿನ ಜರಿ ಜೋಡು ಇಲ್ಲ. ಗಂಡಿನ ಕಡೆಯವರು ಮಂಚದ ಕೆಳಗೆ, ಜಮಖಾನೆಯ ಕೆಳಗೆ ಹುಡುಕತೊಡಗಿದರು. ಎಲ್ಲರ ಮುಖದಲ್ಲೂ ನಗು. ಮದುಮಗ ಕೂಡ ನಗುತ್ತಿದ್ದ. ಕಳ್ಳತನ ಆದ ಮನೆಯಲ್ಲಿ ಯಾಕೆ ಎಲ್ಲರೂ ನಗುತ್ತಿದ್ದಾರೆ ಎಂದು ನನಗೆ ಅನುಮಾನ ಬಂತು. ಪತ್ತೇದಾರನಿಗೆ ಬರಲಿಲ್ಲ. ಮದುಮಗಳ ತಂಗಿಯರು ದುಪಟ್ಟಾದ ಕೆಳಗೆ ಏನನ್ನೋ ಮುಚ್ಚಿಕೊಂಡು ಬಚ್ಚಲ ಕಡೆ ಓಡಿದ್ದನ್ನು ಅವನು ಕಂಡಿದ್ದ. ಹೋಗಿ ಖಾಲಿ ಹಂಡೆಯೊಳಗಿಂದ ಜೋಡು ತೆಗೆದು, ಕಣ್ಣಿಗೊತ್ತಿಕೊಳ್ಳುವ ಹಾಗೆ ಎತ್ತಿ ಹಿಡಿದುಕೊಂಡು ಬಂದು ಮದುಮಗನ ಕಾಲ ಬಳಿ ಇಟ್ಟ. ಗಂಡಿನ ಕಡೆಯವರು ಚಪ್ಪಾಳೆ ತಟ್ಟಿ ಅವನ ಕೊರಳಿಗೆ ಗುಲಾಬಿ ಹಾರ ಹಾಕಿದರು.

ಅವರಲ್ಲಿ ಮದುಮಗನ ಜೋಡನ್ನು ನಾದಿನಿಯರು ಬಚ್ಚಿಡುವುದು, ಒಳ್ಳೆಯ ಉಡುಗೊರೆ ಕೈಗೆ ಬರುವವರೆಗೂ ಕೊಡದೆ ಸತಾಯಿಸುವುದು ಪದ್ಧತಿಯಂತೆ. ಇದು ನಮಗೆ ತಿಳಿದಿದ್ದು ಮದುಮಗಳ ಅಜ್ಜಿ ಕೋಲೂರಿಕೊಂಡು ಬಂದ ಮೇಲೆ.

“ಅರೆ, ಶಾದೀಗೆ ಪೋಲೀಸ್‌ನೋರ್ನ ಯಾರು ಕರ್ದಿದ್ದು? ನನ್ನ ಮೊಮ್ಮಕ್ಳು ಈ ದಿನಕ್ಕೆ ಅಂತ ಎಷ್ಟ್ ಆಸೆಯಿಂದ ಕಾಯ್ತಾ ಇದ್ರು” ಎಂದು ಆಕೆ ಶುರುಮಾಡಿದರು. ನಾನು ಪತ್ತೇದಾರನನ್ನು ತೋರಿಸಿದೆ. ಹಾರ ಹಾಕಿಕೊಂಡು ನಿಂತಿದ್ದ ಅವನನ್ನು ನೋಡಿ ಅಜ್ಜಿ, “ಅವ್ನು ಪಾಪ ಸೇಠ್ ಮಗ, ಅವ್ನ್ಗೇನ್ ಗೊತ್ತು? ನೀನು ಮೇಷ್ಟ್ರ ಮಗ ಅಲ್ವಾ, ನಿನ್ಗೆ ಗೊತ್ತಾಗ್ಬ್ಯಾಡ್ವಾ?” ಎಂದರು. ಈ ನ್ಯಾಯ ಯಾವ ಕೋರ್ಟಿನದು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಹೊರಡುವಾಗ ಬಾಗಿಲಲ್ಲಿ ನೋಡಿದರೆ ನನ್ನ ಹೊಸ ಚಪ್ಪಲಿ ಇಲ್ಲ. ಪತ್ತೇದಾರನನ್ನು ಕರೆದೆ. ಅವನು ಭೂತಗನ್ನಡಿಯಿಂದ ನೆಲ ನೋಡಿ, “ಇದು ಸಣ್ಣ ಕೇಸು” ಎಂದು ಲಾರಿ ಹತ್ತಿದ. ನಾನು ಬರಿಗಾಲಲ್ಲಿ ಅವನ ಹಿಂದೆ ಹತ್ತಿದೆ. ಪರದೆಯ ಹಿಂದಿನಿಂದ ಕಿಲಕಿಲ ನಗುತ್ತ ಒಂದು ಹುಡುಗಿಯ ದನಿ ಬಂತು:

“ಹಂಡೆಯೊಳಗೆಲ್ಲ ನೋಡಿದ್ರಾ?”

೪. ಕೊಟ್ಟಿಗೆಯ ಕೈದಿ

ಅಷ್ಟರಲ್ಲಿ ಅಕ್ಕನಿಗೆ ಪಾವಗಡದಿಂದ ಒಂದು ಸಂಬಂಧ ಕೂಡಿಬರುವ ಹಾಗಿತ್ತು. ಹುಡುಗ ಅಲ್ಲಿ ಸ್ಕೂಲ್ ಮೇಷ್ಟರು. ಜಾತಕ ಹೊಂದಿತ್ತು. ಅವರ ಮನೆಯಲ್ಲಿ ತೆಲುಗು ಮಾತು, ಅದೇನೂ ನಮಗೆ ತೊಂದರೆಯಲ್ಲ. ಅವರು ಹೆಣ್ಣು ನೋಡಲು ಬರುವುದೊಂದು ಬಾಕಿ. ಅಪ್ಪ ಜಗುಲಿಯ ಮೇಲೆ ಕೂತು ಮತ್ತೆ ಮಾತಾಡುವುದಕ್ಕೆ ಶುರುಮಾಡಿದ್ದರು.

ಒಂದು ದಿನ ಮಧ್ಯಾಹ್ನ ನಮ್ಮ ಬೀದಿಯ ಹೂವಿನವಳು ನಮ್ಮಿಬ್ಬರನ್ನೂ ನಿಲ್ಲಿಸಿದಳು. “ಯಾರೋ ಒಬ್ರು ಬಂದು ನಿಮ್ಮನೆ ವಿಚಾರ ಕೇಳ್ತಾವ್ರೆ ಕಣಪ್ಪ. ಮನೇಲಿ ಯಾರ್ಯಾರವ್ರೆ, ಅಕ್ಕೋರು ಏಟೊತ್ಗೆ ನೀರಿಗ್ ಬತ್ತಾರೆ, ಹೆಂಗೆ ಏನು ಅಂತ. ಓಟ್ಲಲ್ಲೂ ಕೇಳುದ್ರಂತೆ” ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮದುವೆಗೆ ಬಂದ ಹೆಣ್ಣಿರುವ ಬೀದಿಯಲ್ಲಿ ಹೊಸಬರು ಯಾರಾದರೂ ಹೀಗೆ ವಿಚಾರಿಸಿದರೆ ತಿಳಿದವರು ಯಾರೂ ಗಾಬರಿಯಾಗುವುದಿಲ್ಲ. ಗಂಡಿನ ಕಡೆಯವರು ಹೆಣ್ಣು ನೋಡುವುದಕ್ಕೆ ಮೊದಲು ಯಾರಾದರೊಬ್ಬರನ್ನು ಗುಟ್ಟಾಗಿ ಕಳಿಸಿ ಮನೆತನ ಹೇಗೆ ಎಂದು ತಿಳಿದುಕೊಳ್ಳುವುದು ಎಲ್ಲ ಕಡೆಯೂ ಇದ್ದದ್ದೇ. ಕಾಫಿ ಕೊಟ್ಟು ನಾಲ್ಕು ಒಳ್ಳೆಯ ಮಾತು ಹೇಳಿ ಕಳಿಸುತ್ತಾರೆ. ಅದಕ್ಕೇ ಹೂವಿನವಳು ನಕ್ಕಿದ್ದು. ಪತ್ತೇದಾರ ನಗಲಿಲ್ಲ. “ದರೋಡೆ ಗುಂಪಿನವನು. ಮನೆ ನೋಡಿಕೊಂಡು ಹೋಗೋಕೆ ಬಂದಿದಾನೆ” ಎಂದ. “ಅದು ಹೇಗೆ ಗೊತ್ತಾಯಿತು?” ಎಂದೆ. ಹಾಳು ಅಭ್ಯಾಸ.

ಆ ಮನುಷ್ಯ ನಮ್ಮ ಹಿತ್ತಲ ಬೇಲಿಯ ಹತ್ತಿರವೇ ಸಿಕ್ಕ. ದಪ್ಪ ಮೀಸೆ, ಒತ್ತಾದ ಕ್ರಾಪು. ಪತ್ತೇದಾರ ಅವನ ಬಳಿ ಹೋಗಿ ಬಲು ವಿನಯದಿಂದ, “ಇಲ್ಲಿಂದ ಏನೂ ಕಾಣಲ್ಲ ಸಾರ್. ಆ ಕೊಟ್ಟಿಗೆಯೊಳಗೆ ನಿಂತ್ರೆ ಬಾವಿ, ಹಿತ್ತಲು, ಇಡೀ ಮನೆ ಕಾಣುತ್ತೆ” ಎಂದ. ಆತ ನಾಚಿಕೊಂಡು, ನಮ್ಮ ಮುಖವನ್ನೂ ಸರಿಯಾಗಿ ನೋಡದೆ, ಒಳಗೆ ಹೋದ. ಪತ್ತೇದಾರ ಬಾಗಿಲೆಳೆದು ಚಿಲಕ ಹಾಕಿದ. “ನೀನು ಕಾಯ್ತಿರು. ನಾನು ಪೋಲೀಸಿನವರನ್ನ ಕರ್ಕೊಂಡು ಬರ್ತೀನಿ” ಎಂದು ಓಡಿದ.

ಓಡಿದವನು ಠಾಣೆಯ ದಾರಿಯಲ್ಲಿ ತನ್ನ ಮನೆ ಸಿಕ್ಕಿತೆಂದು ಹೊಕ್ಕು, ಊಟ ಮಾಡಿ, ಸ್ವಲ್ಪ ಅಡ್ಡಾಗಿ, ನಿದ್ದೆ ಹೋದ. ಇದು ನನಗೆ ಆಮೇಲೆ ತಿಳಿದದ್ದು. ನಾನು ಬಿಸಿಲಲ್ಲಿ ನಿಂತಿದ್ದೆ. ಮಧುಗಿರಿಯ ಬೇಸಿಗೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಮೇಲಿನಿಂದ ಸೂರ್ಯ ಸುಟ್ಟರೆ ಎದುರಿನಿಂದ ಆ ಬೋಳು ಬೆಟ್ಟ ಸುಡುತ್ತದೆ. ಕಾಲಲ್ಲಿ ಚಪ್ಪಲಿ ಬೇರೆ ಇಲ್ಲ. ಕೊಟ್ಟಿಗೆಯೊಳಗಿಂದ ಗುಸುಗುಸು ಕೇಳುತ್ತಿತ್ತು, ನಡುನಡುವೆ ನಗು. ದರೋಡೆಕೋರ ಹಸುವಿನ ಜೊತೆ ಮಾತಾಡುತ್ತಿದ್ದಾನೆ ಅಂದುಕೊಂಡೆ. ಕೊಟ್ಟಿಗೆಗೆ ಹಿತ್ತಲ ಕಡೆ ಒಂದು ಕಿಟಕಿ ಇದೆ, ಅಕ್ಕ ಹಸುವಿಗೆ ಕಲಗಚ್ಚು ತರುವುದು ಆ ಕಡೆಯಿಂದಲೇ ಅನ್ನುವುದು ನನಗೆ ಹೊಳೆಯಲಿಲ್ಲ. ನಾನೂ ಅಷ್ಟು ಹೊತ್ತಿಗೆ ಅರ್ಧ ಪತ್ತೇದಾರನಾಗಿದ್ದೆ.

ಸ್ಕೂಲು ಮುಗಿಸಿಕೊಂಡು ಅಪ್ಪ ಬಂದರು. ಅದೇ ಹೊತ್ತಿಗೆ ಪತ್ತೇದಾರ ಕಣ್ಣುಜ್ಜಿಕೊಳ್ಳುತ್ತ ಒಬ್ಬ ಪೋಲೀಸಿನವನೊಂದಿಗೆ ಬಂದ. ಚಿಲಕ ತೆಗೆದೆವು. ಆತ ಕ್ರಾಪಿನಲ್ಲಿದ್ದ ಹುಲ್ಲು ಕೊಡವಿಕೊಂಡು ಹೊರಗೆ ಬಂದು ಅಪ್ಪನಿಗೆ ಕೈ ಮುಗಿದ. “ನಮಸ್ಕಾರ. ಜಾತಕ ಕಳಿಸಿದ್ರಲ್ಲ, ಪಾವಗಡದಿಂದ... ಬೇರೆಯವರನ್ನ ಕಳಿಸೋದು ಯಾಕೆ, ನಾನೇ ವಿಚಾರಿಸ್ಕೊಂಡು ಹೋಗೋಣ ಅಂತ ಬಂದೆ.”

ಅಪ್ಪ ಗೋಡೆ ಹಿಡಿದುಕೊಂಡು ಕೂತುಬಿಟ್ಟರು. ಅಮ್ಮನಿಗೆ ಅಳು ಬಂತು. ಈ ಸಂಬಂಧವೂ ಹೋಯಿತು ಎಂದು ಎಲ್ಲರಿಗೂ ಖಾತ್ರಿಯಾಯಿತು. ನಾನು ಕೊಟ್ಟಿಗೆಯೊಳಗೆ ಇಣುಕಿದೆ. ನೆಲದ ಮೇಲೆ ಒಂದು ಮುತ್ತುಗದ ಎಲೆ, ಅದರ ತುದಿಯಲ್ಲಿ ಉಳಿದ ಮೊಸರನ್ನ, ಪಕ್ಕದಲ್ಲಿ ಅಜ್ಜಿಯ ಮಾವಿನಕಾಯಿ ಉಪ್ಪಿನಕಾಯಿ. ಅಕ್ಕ ಹಿತ್ತಲಿನ ಕಂಬದ ಹಿಂದೆ ನಿಂತು ನೆಲ ನೋಡುತ್ತಿದ್ದಳು. ಭರಣಿಯ ಕೇಸು ಅಲ್ಲಿಗೆ ಬಗೆಹರಿಯಿತು. ಆದರೆ ಅದನ್ನು ಕೇಳುವ ಪುರಸೊತ್ತು ಯಾರಿಗಿತ್ತು? ಪತ್ತೇದಾರ ಆಗಲೇ ಮಾಯವಾಗಿದ್ದ.

ಮತ್ತು ಅಂದು ಅಜ್ಜಿ ಮಡಿಯಲ್ಲಿರಲಿಲ್ಲ.

೫. ಕಾಶಿಯಾತ್ರೆ

ಆದರೂ ಅವರು ಹೆಣ್ಣು ನೋಡಲು ಬಂದರು. ಹುಡುಗನ ತಂದೆಯವರು ಗಾಡಿಯಿಂದಿಳಿದು, ಕಾಲು ತೊಳೆಯಲು ಚೊಂಬು ಹಿಡಿದು ನಿಂತಿದ್ದ ನನ್ನ ಮುಖ ನೋಡಿ ಅಲ್ಲೇ ನಿಂತರು.

“ವೀಡೇ ಗದರಾ, ಬಸ್ಸುಲೋ ನನ್ನು ಚಂಪಿನೋಡು” ಎಂದರು ಮಗನಿಗೆ. ಬಸ್ಸಿನಲ್ಲಿ ನನ್ನನ್ನು ಸಾಯಿಸಿದವನು ಇವನೇ ಅಲ್ಲವೇನೋ ಎಂದು.

ಆಗ ನಾನು ಹುಡುಗನನ್ನು ಸರಿಯಾಗಿ ನೋಡಿದೆ. ಆ ಕ್ರಾಪನ್ನೂ ಮೀಸೆಯನ್ನೂ ಮನಸ್ಸಿನಲ್ಲೇ ತೆಗೆದು ನೋಡಿದೆ. ಲಾಡು ಬುಟ್ಟಿಯ ಯುವಕ. ನನ್ನ ಕೈಯಿಂದ ಚೊಂಬು ಬಿತ್ತು. ಅಪ್ಪ ಅದನ್ನೆತ್ತಿಕೊಂಡು ತಾವೇ ನೀರು ಕೊಟ್ಟರು. ಹಿರಿಯರು ಒಳಗೆ ಬಂದು ಕೂತರು. ಅಕ್ಕ ಪೌಡರಿಲ್ಲದ ಮುಖದಲ್ಲೇ ಬಂದು ನಮಸ್ಕಾರ ಮಾಡಿದಳು. “ಏನಾದರೂ ಕೇಳೋದಿದ್ರೆ ಕೇಳಪ್ಪ” ಎಂದು ಅಮ್ಮ ಹುಡುಗನಿಗೆ ಹೇಳಿದಳು. “ಕೇಳೋದೇನೂ ಉಳಿದಿಲ್ಲ” ಎಂದು ಆತ ತಲೆ ತಗ್ಗಿಸಿದ.

ಹಿರಿಯರು ಅಕ್ಕನ ಕಡೆ ತಿರುಗಿದರು. “ನೋಡಮ್ಮಾ, ನಿನ್ನ ತಮ್ಮ ನನ್ನನ್ನ ಸಾಯಿಸಿದ, ನನ್ನ ಮಗನ್ನ ದನದ ಜೊತೆ ಕೂಡಿಹಾಕಿದ. ಈ ಮನೆ ಹೆಣ್ಣನ್ನ ನಾವು ಯಾವ ಧೈರ್ಯದ ಮೇಲೆ ತಗೊಂಡು ಹೋಗೋಣ, ನೀನೇ ಹೇಳು.”

ಅಕ್ಕ ತಲೆ ಎತ್ತದೆ ಹೇಳಿದಳು: “ಅವನನ್ನ ಜೊತೆಗೆ ಕರ್ಕೊಂಡು ಬರೋದಿಲ್ಲ, ಮಾವ.”

ಹಿರಿಯರು ನಕ್ಕುಬಿಟ್ಟರು. ಮದುವೆ ನಿಶ್ಚಯವಾಯಿತು. ಅಪ್ಪ ಅಂದು ಅತ್ತಿದ್ದನ್ನು ನಾನು ಕಂಡೆ. ನನಗೂ ಸಂತೋಷವಾಯಿತು, ಆದರೆ ಆ ಮಾತಿಗೆ ಮಾತ್ರ ನಾನು ಅಕ್ಕನನ್ನು ಇನ್ನೂ ಕ್ಷಮಿಸಿಲ್ಲ.

ಮದುವೆಯ ದಿನ ಕಾಶಿಯಾತ್ರೆ. ಗಂಡು ಛತ್ರಿ, ಕೋಲು ಹಿಡಿದು, ನನಗೆ ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ ಎಂದು ಹೊರಡಬೇಕು. ಹೆಣ್ಣಿನ ಕಡೆಯವರು ಹೋಗಿ ಕೈ ಮುಗಿದು ತಿರುಗಿ ಕರೆತರಬೇಕು. ಅಪ್ಪನ ಜೊತೆ ನಾನೂ ಹೋದೆ. ಭಾವ ಬೀದಿಯ ಕೊನೆಯಲ್ಲಿ ನಿಂತಿದ್ದರು. ಅಕ್ಕನಿಗೆ ಹಿಡಿಸುವುದಿಲ್ಲವೆಂದು ಮೀಸೆ ತೆಗೆಸಿದ್ದರು. ಅದು ಕೊಟ್ಟಿಗೆಯಲ್ಲೇ ತೀರ್ಮಾನವಾಗಿತ್ತಂತೆ. ನಾನು ಕೈ ಮುಗಿದು, “ಕಾಶಿಗೆ ಹೋಗಬೇಡಿ, ಮನೆಗೆ ಬನ್ನಿ” ಎಂದು ಹೇಳಿಕೊಟ್ಟ ಹಾಗೆ ಹೇಳಿದೆ.

“ಬರ್ತೀನಪ್ಪ. ಚಿಲಕ ಮಾತ್ರ ಹಾಕಬೇಡ” ಎಂದರು ಭಾವ.

ಬೀದಿಗೆ ಬೀದಿಯೇ ನಕ್ಕಿತು. ಓಲಗದವನು ನಗು ತಡೆಯಲಾರದೆ ಬಾಯಿಂದ ಓಲಗ ತೆಗೆದ. ನನ್ನ ಕಿವಿ ಕೆಂಪಾಯಿತು. ಆಗ ಹಿಂದಿನಿಂದ ಯಾರೋ ನನ್ನ ಭುಜ ತಟ್ಟಿದರು. ಸಾಹುಕಾರರ ಮನೆಯವರೆಂದು ಮೊದಲ ಸಾಲಿನಲ್ಲಿ ಹಾರ ಹಾಕಿಸಿಕೊಂಡು ನಿಂತಿದ್ದ ಪತ್ತೇದಾರ. ಹೆಣ್ಣು ನೋಡುವ ದಿನ ಅವನನ್ನು ನಮ್ಮ ಬೀದಿಗೇ ಬಿಟ್ಟಿರಲಿಲ್ಲ. ಹಾಗಾಗಿ ಭಾವನ ಅಪ್ಪನೇ ಬಸ್ಸಿನ ಹಿರಿಯರು ಎಂದು ಅವನಿಗೆ ತಿಳಿದಿರಲಿಲ್ಲ. ಅವನು ಕಣ್ಣು ಕಿರಿದು ಮಾಡಿಕೊಂಡು ಭಾವನ ಮುಖವನ್ನೇ ನೋಡುತ್ತಿದ್ದ.

“ಮೀಸೆ ಇಲ್ಲ ನೋಡಿದೆಯಾ? ನಿಮ್ಮಿಂದ ಏನೋ ಮುಚ್ಚಿಟ್ಟಿದಾರೆ ಕಣೋ. ಇವರ ಅಪ್ಪ ತೀರಿಕೊಂಡಿದಾರೆ” ಎಂದ.

ನನ್ನ ಜನ್ಮದಲ್ಲೇ ಮೊದಲ ಸಲ, ಅದು ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ಕೇಳದೆ ಇದ್ದುದರಿಂದ ಏನೂ ಉಪಯೋಗವಾಗಲಿಲ್ಲ. ಬೀಗರು ನಮ್ಮ ಹಿಂದೆಯೇ ನಿಂತಿದ್ದರು.

“ಮಳ್ಳೀ ಚಂಪೇಶಾಡು” ಎಂದರು. ಮತ್ತೆ ಸಾಯಿಸಿಬಿಟ್ಟ ಎಂದು.

ಮಾತಾಡಿದವನು ಅವನು. ಬೀಗರು ಹಿಂಡಿದ ಕಿವಿ ನನ್ನದು.